ಚುಕ್ಕೆ

ಸಾಂಬ್ರಾದ ಹ್ಯಾಂಗರಿನಲ್ಲಿ ರಾತ್ರಿಯಿಡೀ
ವಿಮಾನದ ಮೂತಿಗೆ ಒಂದು ಕೌದಿ.
ಖೈರುನ್‌ಬಿ ಹೊಲಿದದ್ದು: ಮೂರು ಸೀರೆ, ಒಂದು ಲುಂಗಿ,
ದಸ್ತಗೀರ್ ಮಾಮಾನ ಹಳೆ ಖಾಕಿಯ ಮೊಣಕಾಲು.
ಐದೂವರೆಗೆ ಅದನ್ನು ಸುಲಿದು, ಇಂಜಿನ್ನಿಗೆ ಅಂಗೈ ಇಟ್ಟು
ಅವನು ಹೇಳುವುದು ದಿನಾ ಒಂದೇ ಮಾತು:
"ಇನ್ನೂ ನಿದ್ದ್ಯಾಗ ಐತಿ. ಸಾವಕಾಶ ಎಬ್ಬಸು ತಂಗಿ."

ನನ್ನ ಮೈಮೇಲೆ ಎರಡು ಜೊತೆ ಕಾಲ್ಚೀಲ, ಅಣ್ಣನ ಜಾಕೀಟು,
ಎಲ್ಲದರ ಅಡಿಯಲ್ಲಿ ಅಪ್ಪನ ಬನಿಯನ್,
ಬನಿಯನ್ನಿಗೂ ಅಂಗಿಗೂ ನಡುವೆ
ನಾಲ್ಕು ಮಡಿಕೆ ಮಾಡಿದ ನಿನ್ನೆಯ ಪೇಪರು.
ಯಳ್ಳೂರಿಂದ ಶಹಾಪುರಕ್ಕೆ, ಎಂ-ಏಯ್ಟಿ ಮೇಲೆ,
ಇಪ್ಪತ್ತು ಚಳಿಗಾಲ ಹಾಲು ಹಾಕಿದವನ ವಿದ್ಯೆ:
"ಗಾಳಿಗೆ ಅಕ್ಷರ ಬರೂದಿಲ್ಲ. ಹಾಳಿ ಕಂಡ್ರ ನಿಲ್ಲತೈತಿ."

ಬೆಲ್ಟು ಬಿಗಿಯುವಾಗ ಇನಾಮದಾರ ಮೇಡಂ ನಕ್ಕರು:
"ಕಡಕ್ ರೊಟ್ಟಿ ಮುರದಂಗ ಸಪ್ಪಳಾಗತೈತಿ ನಿನ್ನ ಮೈ."

ಎಂಟು ಸಾವಿರ ಅಡಿ. ಗೋಕಾಕದ ದಿಕ್ಕು.
ಕೆಳಗೆ ಕಬ್ಬು ಅರೆಯುವ ಹಂಗಾಮು;
ಕಾರ್ಖಾನೆಯ ಹೊಗೆ ಮೇಲೇರಲಾರದೆ
ಮಂಜಿನ ಮೇಲೇ ಕಾಲು ಚಾಚಿ ಮಲಗಿದೆ.
ಹಿಡಕಲ್ ಹಿನ್ನೀರಿನಿಂದ ಹಬೆ,
ಯಾರದೋ ಜಳಕಕ್ಕೆ ಕಾಯಿಸಿಟ್ಟ ಹಾಗೆ.
ಅಲ್ಲಿ ಎಲ್ಲ ಬೆಚ್ಚಗೆ.
ಇಲ್ಲಿ, ಬಾಗಿಲ ರಬ್ಬರಿನ ಸಂದಿಯಿಂದ ಒಂದು ಸೂಜಿ
ಎಡಮೊಣಕಾಲನ್ನು
ಒಂದೇ ಜಾಗದಲ್ಲಿ ಹೊಲಿಯುತ್ತಲೇ ಇದೆ.

ಹೀಟರಿನ ಗುಂಡಿ ಎಳೆದೆ.
ಮೊದಲು ಸುಟ್ಟ ಧೂಳಿನ ವಾಸನೆ, ಆಮೇಲೆ ಎಣ್ಣೆ,
ಆಮೇಲೆ ಕಾವು, ಬಲಪಾದಕ್ಕಷ್ಟೇ.
ಎಡಪಾದ ಇನ್ನೂ ಬೇರೆ ಜಿಲ್ಲೆಯಲ್ಲಿತ್ತು.
ಆದರೂ ಎಂಥ ಸುಖ!
ಮೊಣಕಾಲೇರಿ, ಸೊಂಟ ಹಿಡಿದು,
ಕತ್ತಿನ ಹಿಂದೆ ಬಂದು ಕೂತಿತು.
ಬೈಲಹೊಂಗಲದಲ್ಲಿ ಸುಗಂಧಕ್ಕನ ಬಾಣಂತಿ ಕೋಣೆ:
ಹೊರಸಿನ ಕೆಳಗೆ ಶೇಗಡಿ, ಕೆಂಡಕ್ಕೆ ಉದುರಿಸಿದ ಅಜವಾನ,
ಕೂಸಿನ ಎಣ್ಣೆನೆತ್ತಿ, ಗೋಡೆಗೊರಗಿ ತೂಕಡಿಸುವ ನಾನು.
ಕಣ್ಣಿನ ಹಿಂದೆ ಯಾರೋ ಹತ್ತಿ ತುಂಬುತ್ತಿದ್ದರು.
ನಕ್ಷೆಯಲ್ಲಿ ಗೋಕಾಕ ಎರಡಾಯಿತು.
ಎರಡರಲ್ಲಿ ಯಾವುದಾದರೂ ನಡೆದೀತು ಅನಿಸಿತು.

"ಚುಕ್ಕಿ ನೋಡು."

ಪ್ಯಾನಲ್ಲಿಗೆ ಅಂಟಿಸಿದ ಚಿಕ್ಕ ಕಾರ್ಡು,
ನಡುವೆ ಬಿಸ್ಕೀಟು ಬಣ್ಣದ್ದೊಂದು ಚುಕ್ಕೆ.
ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ:
ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಐದು ಅಂಕ.
ಈಗ ಅದು
ಹಂಚಿನ ಮೇಲೆ ಮರೆತ ಶೇಂಗಾದ ಹಾಗೆ
ಅಂಚಿನಿಂದ ಕಪ್ಪಾಗುತ್ತಿತ್ತು.

"ಗುಂಡಿ ಒತ್ತು. ಕಿಟಕಿ ತಗಿ. ಪೂರಾ."
ಕೈ ಏಳಲಿಲ್ಲ. ನಿಜ ಹೇಳುತ್ತೇನೆ,
ಆಗ ನನಗೆ ಹೆದರಿಕೆ ಇದ್ದದ್ದು ಥಂಡಿಗೆ ಮಾತ್ರ.
ಮೇಡಂ ಗುಂಡಿ ಗುದ್ದಿ, ನನ್ನ ಎದೆ ದಾಟಿ ಕೈ ಚಾಚಿ
ಚಿಲಕ ಎತ್ತಿದರು.

ನಕ್ಷೆ ಹಿಂದಿನ ಸೀಟಿಗೆ ಹಾರಿತು.
ಕಣ್ಣಲ್ಲಿ ನೀರು, ಹಲ್ಲಿಗೆ ಹಲ್ಲು ಕಟಕಟ.
ಆಗ ನೆನಪಾಯಿತು ಆ ಕೋಣೆಯ ಉಳಿದರ್ಧ:
ಶೇಗಡಿ ಒಳಗೆ ತಂದಾಗಲೆಲ್ಲ ಆಯಿ
ಮೊದಲು ಕಿಟಕಿಗೆ ಹೋಗಿ
ಬೆರಳಷ್ಟು ಸಂದಿ ಬಿಡುತ್ತಿದ್ದಳು.
ಥಂಡಿ ಬರತೈತಿ ಅಂತ ನಾನೆದ್ದು ಮುಚ್ಚಿದರೆ ಕೈಮೇಲೆ ಏಟು.
"ಬರಲಿ. ಅದೂ ಮನಿ ಮಂದೀನ."

ಇಪ್ಪತ್ತೆರಡು ನಿಮಿಷ, ಕಿಟಕಿ ತೆರೆದೇ, ಸಾಂಬ್ರಾದವರೆಗೆ.
ಮೇಡಂ ಮಾತಾಡಲಿಲ್ಲ;
ಒಂದು ಕೈಯಲ್ಲಿ ತಮ್ಮ ಮಫ್ಲರು ಬಿಚ್ಚಿ
ಹೆಡ್‌ಸೆಟ್ಟಿನ ಮೇಲೆಯೇ ನನಗೆ ಸುತ್ತಿದರು.

ದಸ್ತಗೀರ್ ಮಾಮಾ ಟಾರ್ಚು ಹಿಡಿದು ಒಳಗೆ ತಲೆ ಹಾಕಿದ.
ಎಕ್ಸಾಸ್ಟಿನ ಮಫ್ಲರಿನಲ್ಲಿ ಕೂದಲೆಳೆಯಷ್ಟು ಬಿರುಕು.
"ಇದಕ್ಕೂ ಒಂದು ಮಫ್ಲರು. ಅದೂ ಹರದೈತಿ."
ಯಾರೂ ನಗಲಿಲ್ಲ.
ಬಿಸಿಲು ಏರಿದ್ದರೂ ಕೌದಿ ತಂದು ಹೊದಿಸಿದ,
ಜ್ವರ ಬಂದವರಿಗೆ ಹೊದಿಸುವಂತೆ, ಅಂಚು ಸಿಕ್ಕಿಸಿ.

ಮನೆಯಲ್ಲಿ ಪೇಪರು ಹೊರಗೆಳೆದೆ. ಒದ್ದೆಯಾಗಿತ್ತು;
ಯಾವ ಹೊತ್ತಿನಲ್ಲಿ ಬೆವೆತೆನೋ.
ಬನಿಯನ್ನಿನ ಎದೆಯ ಮೇಲೆ, ತಿರುಗುಮುರುಗಾಗಿ,
ಅಚ್ಚೊತ್ತಿತ್ತು ಬೆಲ್ಲದ ಧಾರಣಿ.
ಅಪ್ಪ ದಾಡಿ ಮಾಡುವ ಕನ್ನಡಿ ತಂದು
ಒಂದೊಂದೇ ಅಂಕಿ ಓದಿದ.
ನನ್ನ ಮುಖ ನೋಡಲಿಲ್ಲ.
"ಇಳದೈತಿ," ಅಂದ.